ಅಮೆರಿಕದ ಮೊದಲ ಸ್ಮರಣಾರ್ಥ ಬೆಳ್ಳಿ ನಾಣ್ಯ: ಒಂದು ಅರ್ಧ ಡಾಲರ್‌ಗೆ ಪ್ರತ್ಯೇಕ ಕಾಯ್ದೆ ಯಾಕೆ ಬೇಕಾಯಿತು?

ಹಳೇಪೆಟ್ಟಿಗೆ:
ನಮಸ್ಕಾರ. ನನ್ನ ಹತ್ತಿರ 1893ರ ಅಮೆರಿಕದ ಅರ್ಧ ಡಾಲರ್ ಒಂದಿದೆ. ಒಂದು ಕಡೆ ಕೊಲಂಬಸ್ ಮುಖ. ಇನ್ನೊಂದು ಕಡೆ ಹಾಯಿ ಹಡಗು, ಅದರ ಕೆಳಗೆ ಎರಡು ಭೂಗೋಳ, ಅವುಗಳ ಆಚೆ ಈಚೆ 14 ಮತ್ತು 92 ಅಂತ ಒಡೆದು ಬರೆದಿದ್ದಾರೆ. ಹಾಯಿಯ ಗೆರೆಗಳು ಸವೆದು ನುಣ್ಣಗಾಗಿವೆ, ಅಂಚಿನ ಅಕ್ಷರ ಮಾತ್ರ ಚೆನ್ನಾಗಿ ಓದಬಹುದು. ಕೊಲಂಬಸ್ ಅಮೆರಿಕ ಮುಟ್ಟಿ 400 ವರ್ಷವಾದ ನೆನಪಿಗೆ ಷಿಕಾಗೋದಲ್ಲಿ ನಡೆದ ಕೊಲಂಬಿಯನ್ ವಸ್ತುಪ್ರದರ್ಶನಕ್ಕೆ ಅಂತ ಟಂಕಿಸಿದ್ದು.

ನನ್ನ ಪ್ರಶ್ನೆ ಬೆಲೆಯದ್ದಲ್ಲ. ಈ ನಾಣ್ಯಕ್ಕೆ ಅಂತಲೇ ಅಮೆರಿಕದ ಕಾಂಗ್ರೆಸ್ 1892ರ ಆಗಸ್ಟ್ 5ರಂದು ಒಂದು ಕಾಯ್ದೆ ಮಾಡಿತು ಎಂದು ಓದಿದೆ. ಒಂದು ನಾಣ್ಯಕ್ಕೆ ಕಾಯ್ದೆ ಯಾಕೆ? ನಮ್ಮಲ್ಲಿ 2023ರಲ್ಲಿ ಹೊಸ ಸಂಸತ್ ಭವನಕ್ಕೆ 75 ರೂಪಾಯಿ ನಾಣ್ಯ ಬಂದಾಗ ಹಣಕಾಸು ಸಚಿವಾಲಯ ಒಂದು ಅಧಿಸೂಚನೆ ಹೊರಡಿಸಿತು, ಅಷ್ಟೇ. ಅಲ್ಲಿ ಎರಡು ಸದನ, ಅಧ್ಯಕ್ಷರ ಸಹಿ, ಇಷ್ಟೆಲ್ಲ ಯಾಕೆ ಬೇಕಿತ್ತು? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಬೆಳ್ಳಿಬಟ್ಟಲು:
ಮೊದಲು ಒಂದು ಮಾತು. ಅದನ್ನು ತೊಳೆಯಬೇಡಿ. ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್ ಏನೂ ಹಾಕಬೇಡಿ. ಉಳಿದದ್ದನ್ನು ಬಲ್ಲವರು ಹೇಳುತ್ತಾರೆ.

ಕಾನೂನುಪುಸ್ತಕ:
ಒಳ್ಳೆ ಪ್ರಶ್ನೆ. ಕಾರಣ ಅವರ ಸಂವಿಧಾನದಲ್ಲೇ ಇದೆ. ನಾಣ್ಯ ಟಂಕಿಸುವ ಅಧಿಕಾರವನ್ನು ಒಂದನೇ ವಿಧಿ ನೇರವಾಗಿ ಕಾಂಗ್ರೆಸ್‌ಗೆ ಕೊಟ್ಟಿದೆ, ಅಧ್ಯಕ್ಷರಿಗಲ್ಲ. ಅದರ ಮೇಲೆ 1873ರ ನಾಣ್ಯ ಕಾಯ್ದೆ ಬಂತು. ಯಾವ ಯಾವ ನಾಣ್ಯ ಇರಬೇಕು, ಎಷ್ಟು ತೂಕ, ಎಷ್ಟು ಬೆಳ್ಳಿ ಅಂತ ಪಟ್ಟಿ ಮಾಡಿ, ಇವು ಬಿಟ್ಟು ಬೇರೆ ನಾಣ್ಯ ಹೊರಡಿಸುವಂತಿಲ್ಲ ಎಂದಿತು. ಸಾಲದು ಅಂತ 1890ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಕಾಯ್ದೆ. ಒಮ್ಮೆ ಒಂದು ವಿನ್ಯಾಸ ಬಂದರೆ 25 ವರ್ಷ ಅದನ್ನು ಬದಲಿಸುವ ಹಾಗಿಲ್ಲ. 1892ರಲ್ಲಿ ಆಗಷ್ಟೇ ಹೊಸ ಅರ್ಧ ಡಾಲರ್ ವಿನ್ಯಾಸ ಚಲಾವಣೆಗೆ ಬಂದಿತ್ತು. ಅದೇ ವರ್ಷ ಅದೇ ಮುಖಬೆಲೆಗೆ ಕೊಲಂಬಸ್ ಮುಖ ಹಾಕಬೇಕು ಅಂದರೆ ಟಂಕಸಾಲೆಯ ನಿರ್ದೇಶಕರಾಗಲಿ ಖಜಾನೆ ಕಾರ್ಯದರ್ಶಿಯಾಗಲಿ ತಾವಾಗೇ ಮಾಡುವ ಹಾಗಿರಲಿಲ್ಲ. ಕಾಯ್ದೆ ಬೇಕೇ ಬೇಕಿತ್ತು.

ನಮ್ಮಲ್ಲಿ ಹಾಗಲ್ಲ. 1906ರ ಭಾರತೀಯ ನಾಣ್ಯ ಕಾಯ್ದೆ ಇತ್ತು, ಈಗ 2011ರದ್ದು ಇದೆ. ಸಂಸತ್ತು ಒಂದೇ ಸಲ ಅಧಿಕಾರವನ್ನು ಕೇಂದ್ರ ಸರ್ಕಾರದ ಕೈಗೆ ಕೊಟ್ಟುಬಿಟ್ಟಿದೆ. 1000 ರೂಪಾಯಿ ಮುಖಬೆಲೆಯ ತನಕ ಯಾವ ನಾಣ್ಯ ಬೇಕಾದರೂ ಅಧಿಸೂಚನೆ ಮೂಲಕ ತರಬಹುದು. ಹಾಗಾಗಿ ಯಾರ ನೆನಪಿಗೆ ನಾಣ್ಯ ಬರಬೇಕು ಎನ್ನುವುದರ ಬಗ್ಗೆ ನಮ್ಮ ಸಂಸತ್ತಿನಲ್ಲಿ ಚರ್ಚೆಯೇ ಆಗುವುದಿಲ್ಲ.

ಮೇಷ್ಟ್ರು_ತುಮಕೂರು:
ಅದು ಒಳ್ಳೆಯದೇ ಆಯಿತು. ಇರುವ ಕೆಲಸಕ್ಕೇ ಅಧಿವೇಶನ ಸಾಲುತ್ತಿಲ್ಲ.

ಕಾನೂನುಪುಸ್ತಕ:
ಒಪ್ಪಲ್ಲ ಮೇಷ್ಟ್ರೇ. ದೇಶದ ದುಡ್ಡಿನ ಮೇಲೆ ಯಾರ ಮುಖ ಬರುತ್ತದೆ ಅನ್ನುವುದು ಸಣ್ಣ ವಿಷಯವಲ್ಲ. ಚರ್ಚೆ ಆದರೆ ಯಾರು ಯಾಕೆ ಕೇಳಿದರು ಅನ್ನುವುದಾದರೂ ದಾಖಲೆಯಲ್ಲಿ ಉಳಿಯುತ್ತದೆ. ಅಧಿಸೂಚನೆಯಲ್ಲಿ ತೂಕ, ವ್ಯಾಸ, ಎಷ್ಟು ಬೆಳ್ಳಿ ಎಷ್ಟು ತಾಮ್ರ, ಇಷ್ಟೇ ಸಿಗುವುದು.

ಷಿಕಾಗೋವಾಸಿ:
ಇಲ್ಲೇ ಇಪ್ಪತ್ತು ವರ್ಷದಿಂದ ಇದ್ದೇನೆ, ಈ ನಾಣ್ಯದ ಕಥೆ ನನಗೆ ತುಂಬಾ ಇಷ್ಟ. ಕಾನೂನುಪುಸ್ತಕ ಹೇಳಿದ್ದು ಸರಿ, ಆದರೆ ಅದು ಅರ್ಧ ಉತ್ತರ. ಕಾಯ್ದೆ ಇಲ್ಲದೆ ನಾಣ್ಯ ಬರುತ್ತಿರಲಿಲ್ಲ, ನಿಜ. ಆದರೆ ಕಾಂಗ್ರೆಸ್ ಆ ಕಾಯ್ದೆಗೆ ಕೂತದ್ದು ನಾಣ್ಯಕ್ಕೋಸ್ಕರ ಅಲ್ಲ. ದುಡ್ಡು ಕೊಡಬೇಕೋ ಬೇಡವೋ ಅನ್ನುವ ಜಗಳಕ್ಕೆ.

ವಸ್ತುಪ್ರದರ್ಶನಕ್ಕೆ 1890ರ ಏಪ್ರಿಲ್ 25ರ ಕಾಯ್ದೆ ಒಪ್ಪಿಗೆ ಕೊಟ್ಟಿತ್ತು. ನ್ಯೂಯಾರ್ಕ್, ಸೇಂಟ್ ಲೂಯಿಸ್, ವಾಷಿಂಗ್ಟನ್ ಎಲ್ಲವೂ ಪೈಪೋಟಿಗೆ ಬಿದ್ದು ಕೊನೆಗೆ ಷಿಕಾಗೋ ಗೆದ್ದಿತ್ತು. ಖರ್ಚು ನಾವೇ ನೋಡಿಕೊಳ್ಳುತ್ತೇವೆ ಅಂತ ಊರಿನವರು ಮಾತು ಕೊಟ್ಟಿದ್ದರು. ಕಟ್ಟಡ ಏಳುತ್ತಾ ಹೋದ ಹಾಗೆ ಖರ್ಚು ಕೈಮೀರಿತು. 1892ರಲ್ಲಿ ಕಾಂಗ್ರೆಸ್ ಬಾಗಿಲಿಗೆ ಬಂದು 50 ಲಕ್ಷ ಡಾಲರ್ ಕೇಳಿದರು.

ಆಗ ಕೆಳಮನೆಯಲ್ಲಿ ಡೆಮಾಕ್ರಟರದ್ದು ಭಾರಿ ಬಹುಮತ, ಸೆನೆಟ್ ಮತ್ತು ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ರಿಪಬ್ಲಿಕನ್. ಅದೂ ಚುನಾವಣೆಯ ವರ್ಷ. ಹಿಂದಿನ ಕಾಂಗ್ರೆಸ್ ದುಂದುವೆಚ್ಚ ಮಾಡಿತು ಅಂತ ಬೈದುಕೊಂಡೇ ಗೆದ್ದು ಬಂದವರು ಷಿಕಾಗೋದ ಜಾತ್ರೆಗೆ 50 ಲಕ್ಷ ನಗದು ಹೇಗೆ ಕೊಟ್ಟಾರು? ಕೊನೆಗೆ ಆದ ರಾಜಿ ಹೀಗೆ: 25 ಲಕ್ಷ ಡಾಲರ್ ಕೊಡುತ್ತೇವೆ, ನಗದಾಗಿ ಅಲ್ಲ, 50 ಲಕ್ಷ ಸ್ಮರಣಾರ್ಥ ಅರ್ಧ ಡಾಲರ್ ನಾಣ್ಯಗಳಾಗಿ. ಒಂದೊಂದನ್ನು ಒಂದು ಡಾಲರ್‌ಗೆ ಮಾರಿಕೊಂಡರೆ ನೀವು ಕೇಳಿದ 50 ಲಕ್ಷ ನಿಮಗೆ ಸಿಗುತ್ತದೆ. ಮನೆಯಲ್ಲಿ ಮದುವೆಗೆ ದುಡ್ಡು ಕೇಳಿದರೆ ಕಣಜದಿಂದ ರಾಗಿ ಮೂಟೆ ಹೊರಿಸಿ ನೀನೇ ಮಾರಿಕೋ ಅಂದ ಹಾಗೆ.

ಕರಾವಳಿಹುಡುಗಿ:
ಅಂದರೆ 50 ಸೆಂಟ್ ನಾಣ್ಯವನ್ನು ಒಂದು ಡಾಲರ್‌ಗೆ ಮಾರಿ ಅಂತ ಸರ್ಕಾರವೇ ಹೇಳಿತಾ? ಇದು ಮೋಸ ಅಲ್ವಾ?

ಷಿಕಾಗೋವಾಸಿ:
ಕಾಯ್ದೆ ಮಾರಾಟ ಬೆಲೆಯನ್ನು ಹೇಳಲಿಲ್ಲ. ನಾಣ್ಯವನ್ನು ಪ್ರದರ್ಶನದ ಸಂಸ್ಥೆಗೆ ಕೊಟ್ಟಿತು, ಮಿಕ್ಕಿದ್ದು ಅವರ ಕೆಲಸ. ಕೊಂಡವನಿಗೂ ಇದು ಅರ್ಧ ಡಾಲರ್ ಅಂತ ಗೊತ್ತಿತ್ತು, ನಾಣ್ಯದ ಮೇಲೇ ಬರೆದಿದೆ. ಜಾತ್ರೆಯ ಪ್ರವೇಶ ಶುಲ್ಕ 50 ಸೆಂಟ್. ಫೆರಿಸ್ ಚಕ್ರ ಹತ್ತುವುದಕ್ಕೂ 50 ಸೆಂಟ್. ಅಂಥಲ್ಲಿ ಒಂದು ಡಾಲರ್ ಕೊಟ್ಟು 50 ಸೆಂಟ್ ನಾಣ್ಯ ಕೊಳ್ಳುವವನು ತಿಳಿದೇ ಕೊಳ್ಳುತ್ತಾನೆ.

ಕರಾವಳಿಹುಡುಗಿ:
ತಿಳಿದು ಕೊಂಡರೂ, ಬಡವನ ಎರಡು ದಿನದ ಊಟದ ದುಡ್ಡು. ನನಗೆ ಸರಿ ಕಾಣಲ್ಲ. ಸರ್ಕಾರ ತನ್ನ ಮುದ್ರೆ ಇರುವ ದುಡ್ಡನ್ನು ಯಾರಿಗೋ ಕೊಟ್ಟು ಇಮ್ಮಡಿ ಬೆಲೆಗೆ ಮಾರಲು ಬಿಡಬಾರದು. ನೇರವಾಗಿ ಅನುದಾನ ಕೊಡಬೇಕಿತ್ತು, ಇಲ್ಲ ಕೊಡಲ್ಲ ಅನ್ನಬೇಕಿತ್ತು.

ಮೇಷ್ಟ್ರು_ತುಮಕೂರು:
ನಮ್ಮ 75 ರೂಪಾಯಿ ನಾಣ್ಯಕ್ಕೂ ಮೂರು ಸಾವಿರದ ಮೇಲೆ ಕೊಟ್ಟರು ಜನ. ಅದಕ್ಕೇನು ಹೇಳುತ್ತೀರಿ?

ಕರಾವಳಿಹುಡುಗಿ:
ಅದನ್ನು ಮಾರಿದ್ದು ಸರ್ಕಾರದ ಟಂಕಸಾಲೆ, ದುಡ್ಡು ಹೋಗಿದ್ದು ಸರ್ಕಾರಕ್ಕೆ. ಇಲ್ಲಿ ಒಂದು ಖಾಸಗಿ ಕಂಪನಿಗೆ. ಅದಕ್ಕೂ ಇದಕ್ಕೂ ವ್ಯತ್ಯಾಸ ಇದೆ ಮೇಷ್ಟ್ರೇ.

ಅಕ್ಕಸಾಲಿ_ಮೊಮ್ಮಗ:
ಬೆಳ್ಳಿಯ ಲೆಕ್ಕ ಹಾಕೋಣ. ಅರ್ಧ ಡಾಲರ್ ತೂಕ 12.5 ಗ್ರಾಂ, ಅದರಲ್ಲಿ ಶೇಕಡಾ 90 ಬೆಳ್ಳಿ. ಅಂದರೆ 11.25 ಗ್ರಾಂ ಶುದ್ಧ ಬೆಳ್ಳಿ. 1892ರಲ್ಲಿ ಒಂದು ಔನ್ಸ್ ಬೆಳ್ಳಿಗೆ ಸುಮಾರು 87 ಸೆಂಟ್. ಆ ಲೆಕ್ಕಕ್ಕೆ ಈ ನಾಣ್ಯದ ಬೆಳ್ಳಿ ಸುಮಾರು 31 ಸೆಂಟ್ ಬೆಲೆಯದ್ದು. 31 ಸೆಂಟ್ ಲೋಹ, 50 ಸೆಂಟ್ ಮುಖಬೆಲೆ, 100 ಸೆಂಟ್ ಮಾರಾಟ ಬೆಲೆ. ಒಂದೇ ನಾಣ್ಯಕ್ಕೆ ಮೂರು ಬೆಲೆ.

ಇದು ಬೆಳ್ಳಿ ಗಣಿಯವರ ಕೆಲಸ ಅಂತ ನನ್ನ ಅನುಮಾನ. ಆಗ ಪಶ್ಚಿಮದ ರಾಜ್ಯಗಳಲ್ಲಿ ಬೆಳ್ಳಿ ಸುರಿಯುತ್ತಿತ್ತು, ಬೆಲೆ ಬೀಳುತ್ತಿತ್ತು. ಹೇಗಾದರೂ ಸರ್ಕಾರ ಬೆಳ್ಳಿ ಕೊಳ್ಳಲಿ ಅಂತ ಅವರು ಒತ್ತಡ ಹಾಕುತ್ತಿದ್ದರು.

ಕಾನೂನುಪುಸ್ತಕ:
ಇಲ್ಲ, ಇಲ್ಲಿ ಹಾಗಾಗಲಿಲ್ಲ. ಕಾಯ್ದೆಯ ಮಾತುಗಳನ್ನು ಗಮನಿಸಿ. ಈ ನಾಣ್ಯಗಳನ್ನು ಖಜಾನೆಯಲ್ಲಿ ಬಿದ್ದಿರುವ, ಚಲಾವಣೆಗೆ ಯೋಗ್ಯವಲ್ಲದ ಚಿಲ್ಲರೆ ಬೆಳ್ಳಿ ನಾಣ್ಯಗಳಿಂದಲೇ ಮಾಡಬೇಕು ಅಂತಿದೆ. ಅಂದರೆ ಸವೆದು ವಾಪಸ್ ಬಂದ ಹಳೆಯ ನಾಣ್ಯಗಳನ್ನು ಕರಗಿಸಿ ಟಂಕಿಸಿದರು. ಗಣಿಯಿಂದ ಹೊಸ ಬೆಳ್ಳಿ ಒಂದು ಗುಂಜಿಯೂ ಕೊಳ್ಳಬೇಕಿರಲಿಲ್ಲ. ಗಣಿಯವರಿಗೆ 1890ರ ಷೆರ್ಮನ್ ಕಾಯ್ದೆ ಇತ್ತಲ್ಲ, ಅದರಡಿ ಸರ್ಕಾರ ತಿಂಗಳಿಗೆ 45 ಲಕ್ಷ ಔನ್ಸ್ ಬೆಳ್ಳಿ ಕೊಳ್ಳುತ್ತಿತ್ತು. ಅದರ ಮುಂದೆ ಇದು ಯಾವ ಲೆಕ್ಕ?

ಆ ಒಂದು ವಾಕ್ಯದಲ್ಲೇ ಜಾಣತನ ಇದೆ. ಸುಮ್ನೆ ಬಿದ್ದಿದ್ದ ಸವಕಲು ಬೆಳ್ಳಿಗೆ ಹೊಸ ಮುಖ ಕೊಟ್ಟರು. ತೆರಿಗೆ ದುಡ್ಡಿನಿಂದ 25 ಲಕ್ಷ ಕಿತ್ತುಕೊಟ್ಟೆವು ಅಂತ ಯಾರೂ ಮತದಾರನಿಗೆ ಹೇಳಬೇಕಾಗಲಿಲ್ಲ.

ಅಕ್ಕಸಾಲಿ_ಮೊಮ್ಮಗ:
ಆದರೂ ಖಜಾನೆಯ ಸ್ವತ್ತು ತಾನೇ? ಸವಕಲು ನಾಣ್ಯ ತೂಕದಲ್ಲಿ ಕಡಿಮೆ ಇರುತ್ತದೆ. ಪೂರ್ತಿ ತೂಕದ ಹೊಸ ನಾಣ್ಯ ಮಾಡಲು ಹೆಚ್ಚು ಹಳೆ ನಾಣ್ಯ ಕರಗಿಸಬೇಕು. ಆ ನಷ್ಟ ಸರ್ಕಾರದ್ದೇ. ಪುಕ್ಕಟೆ ಏನೂ ಬರಲಿಲ್ಲ.

ಕಾನೂನುಪುಸ್ತಕ:
ಅದು ಸರಿ. ನಷ್ಟ ಇತ್ತು. ಆದರೆ ಭಾಷಣ ಮಾಡುವಾಗ ಅದು ಕಾಣುವುದಿಲ್ಲ, ನಾನು ಹೇಳಿದ್ದು ಅಷ್ಟೇ.

ಬೆಳಗಾವಿ_ರಸ್ತೆ:
ಅಲ್ರೀ, ಇದೇ ಷಿಕಾಗೋ ಜಾತ್ರೆಗೇ ಅಲ್ವಾ ವಿವೇಕಾನಂದರು ಹೋಗಿದ್ದು? 1893ರ ಸೆಪ್ಟೆಂಬರ್ 11ರ ಸರ್ವಧರ್ಮ ಸಮ್ಮೇಳನ ಇದರ ಜೊತೆಗೇ ನಡೆದದ್ದು. ಅದಕ್ಕೂ ಮುಂಚೆ 1892ರಲ್ಲಿ ನಮ್ಮ ಬೆಳಗಾವಿಗೆ ಬಂದಿದ್ದರು, ಅಲ್ಲಿಂದ ಮುಂದೆ ಬೆಂಗಳೂರು, ಮೈಸೂರು. ಚಾಮರಾಜೇಂದ್ರ ಒಡೆಯರು ಅರಮನೆಯಲ್ಲಿ ಇರಿಸಿಕೊಂಡು ನೆರವು ಕೊಟ್ಟರು. ಹಳೇಪೆಟ್ಟಿಗೆ ಅವರೇ, ನಿಮ್ಮ ನಾಣ್ಯ ಅವರ ಕೈ ಸೇರಿದ್ದಿರಬಹುದು!

ಮೇಷ್ಟ್ರು_ತುಮಕೂರು:
ವಿವೇಕಾನಂದರ ವಿಷಯದಲ್ಲಿ ಹೀಗೆ ಕಥೆ ಕಟ್ಟಬಾರದು. ನಾಳೆ ಯಾರಾದರೂ ಇದನ್ನೇ ಹೇಳಿ ನಾಣ್ಯ ಮಾರುತ್ತಾರೆ. ಅವರು ಜುಲೈ ಕೊನೆಗೆ ಷಿಕಾಗೋ ಮುಟ್ಟಿ ಪ್ರದರ್ಶನ ನೋಡಿದ್ದು ನಿಜ. ಕೈಯಲ್ಲಿದ್ದ ದುಡ್ಡು ನೀರಿನ ಹಾಗೆ ಕರಗುತ್ತಿದೆ, ದಿನಕ್ಕೆ ಒಂದು ಪೌಂಡ್ ಖರ್ಚು ಅಂತ ಅವರೇ ಪತ್ರದಲ್ಲಿ ಬರೆದಿದ್ದಾರೆ. ಅಂಥ ಸ್ಥಿತಿಯಲ್ಲಿ ಒಂದು ಡಾಲರ್ ಕೊಟ್ಟು ನೆನಪಿನ ನಾಣ್ಯ ಕೊಂಡರು ಅಂತ ಹೇಳಲು ಆಧಾರ ಬೇಕು.

ಬೆಳಗಾವಿ_ರಸ್ತೆ:
ಇರಬಹುದು ಅಂದೆ ಮೇಷ್ಟ್ರೇ, ಇದೆ ಅಂದಿಲ್ಲ.

ಷಿಕಾಗೋವಾಸಿ:
ಸಮ್ಮೇಳನ ನಡೆದ ಕಟ್ಟಡ ಈಗಲೂ ಇದೆ, ಈಗ ಅದು ಆರ್ಟ್ ಇನ್‌ಸ್ಟಿಟ್ಯೂಟ್. ಇಲ್ಲಿಗೆ ಬರುವ ಕನ್ನಡದವರನ್ನೆಲ್ಲ ನಾನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಮೈಸೂರಿನ ಮಹಾರಾಜರಿಗೆ ವಿವೇಕಾನಂದರು 1894ರ ಜೂನ್‌ನಲ್ಲಿ ಷಿಕಾಗೋದಿಂದಲೇ ಪತ್ರ ಬರೆದರು. ಆ ನಂಟು ಗಟ್ಟಿಯಾದದ್ದು, ಅದಕ್ಕೆ ಬೇರೆ ಬಣ್ಣ ಬೇಕಾಗಿಲ್ಲ.

ವಿಷಯಕ್ಕೆ ಬರುತ್ತೇನೆ. ಕಾಯ್ದೆಯಲ್ಲಿ ಇನ್ನೊಂದು ದೊಡ್ಡ ತಕರಾರು ಇತ್ತು, ಭಾನುವಾರದ್ದು. ನಾಣ್ಯ ಕೊಡುತ್ತೇವೆ, ಆದರೆ ಪ್ರದರ್ಶನ ಭಾನುವಾರ ಮುಚ್ಚಿರಬೇಕು ಅಂತ ಷರತ್ತು. ಚರ್ಚುಗಳು ದೇಶದ ತುಂಬಾ ಸಹಿ ಸಂಗ್ರಹ ಮಾಡಿ ಕಾಂಗ್ರೆಸ್ ಮೇಲೆ ಬಿದ್ದಿದ್ದವು. ಕೂಲಿ ಕೆಲಸದವರಿಗೆ ರಜೆ ಇದ್ದದ್ದೇ ಭಾನುವಾರ. ಅವತ್ತೇ ಬಾಗಿಲು ಹಾಕಿದರೆ ಅವರು ನೋಡುವುದು ಯಾವಾಗ?

ಕರಾವಳಿಹುಡುಗಿ:
ನೋಡಿ, ನಾನು ಹೇಳಿದ್ದು ಇದೇ. ಕೂಲಿಯವನಿಗೆ ಪ್ರವೇಶವೂ ಇಲ್ಲ, ನಾಣ್ಯವೂ ಇಲ್ಲ. ಯಾರ ಹಬ್ಬ ಇದು?

ಕಾನೂನುಪುಸ್ತಕ:
ಮುಂದಿನದ್ದು ಇನ್ನೂ ಚೆನ್ನಾಗಿದೆ. ಪ್ರದರ್ಶನದವರು ಷರತ್ತು ಒಪ್ಪಿ ನಾಣ್ಯ ತೆಗೆದುಕೊಂಡರು. 1893ರಲ್ಲಿ ಕಾಂಗ್ರೆಸ್ ಅದೇ 25 ಲಕ್ಷದಲ್ಲಿ 5,70,880 ಡಾಲರ್ ತಡೆಹಿಡಿಯಿತು, ಬಹುಮಾನ ತೀರ್ಪುಗಾರರ ಖರ್ಚಿಗೆ ಅಂತ. ಆಗ ನಿರ್ದೇಶಕರು, ಮಾತು ತಪ್ಪಿದ್ದು ನೀವು, ಹಾಗಾಗಿ ಷರತ್ತು ನಮಗೂ ಅನ್ವಯಿಸುವುದಿಲ್ಲ ಅಂದರು, ಭಾನುವಾರವೂ ಬಾಗಿಲು ತೆರೆದರು. ಕೋರ್ಟಿಗೂ ಹೋಯಿತು. ಕೊನೆಗೆ ತೆರೆದೇ ಉಳಿಯಿತು, ಆದರೆ ಭಾನುವಾರ ನಿರೀಕ್ಷೆಯಷ್ಟು ಜನ ಬರಲಿಲ್ಲ. ಒಂದು ನಾಣ್ಯದ ಕಾಯ್ದೆ ಕಾಂಟ್ರಾಕ್ಟ್ ಕಾನೂನಿನ ಪಾಠವಾಗಿಬಿಟ್ಟಿತು.

ನಾಣ್ಯಪ್ರಿಯ_ಹಾಸನ:
ತಡವಾಗಿ ಬಂದೆ. ಈ ಸರಣಿ ನನಗೆ ತುಂಬಾ ಪರಿಚಯ. ಕೆಲವು ವಿಷಯ ಸೇರಿಸುತ್ತೇನೆ.

ನಾಣ್ಯದ ಯೋಚನೆಗೆ ಬೆಂಬಲ ಕೊಟ್ಟವರಲ್ಲಿ ಪ್ರದರ್ಶನದ ನಿರ್ದೇಶಕ ಜೇಮ್ಸ್ ಎಲ್ಸ್‌ವರ್ತ್ ಮುಖ್ಯ, ಆತ ಸ್ವತಃ ನಾಣ್ಯ ಸಂಗ್ರಾಹಕ. ತನ್ನ ಹತ್ತಿರ ಇದ್ದ, ಲೊರೆಂಜೊ ಲೊಟ್ಟೊ ಬರೆದದ್ದು ಎನ್ನುತ್ತಿದ್ದ ಕೊಲಂಬಸ್ ಚಿತ್ರವನ್ನೇ ನಾಣ್ಯಕ್ಕೆ ಬಳಸಲಿ ಅಂತ ಅವನ ಆಸೆ. ಆಗಲಿಲ್ಲ. ಮುಖದ ಬದಿ ಟಂಕಸಾಲೆಯ ಮುಖ್ಯ ಕೆತ್ತನೆಗಾರ ಚಾರ್ಲ್ಸ್ ಬಾರ್ಬರ್ ಮಾಡಿದ, ಹಡಗಿನ ಬದಿ ಅವನ ಸಹಾಯಕ ಜಾರ್ಜ್ ಮಾರ್ಗನ್. ಕೊಲಂಬಸ್ ಬದುಕಿದ್ದಾಗ ಬರೆದ ಒಂದು ಚಿತ್ರವೂ ನಂಬುವ ಹಾಗೆ ಉಳಿದಿಲ್ಲ. ಹಾಗಾಗಿ ನಾಣ್ಯದ ಮೇಲಿರುವುದು ಕಲ್ಪನೆಯ ಮುಖ.

ಫಿಲಡೆಲ್ಫಿಯಾದಲ್ಲಿ 1892ರ ನವೆಂಬರ್ 19ರಂದು ಟಂಕಿಸಲು ಶುರು ಮಾಡಿದರು. ಮೊದಲ ನಾಣ್ಯವನ್ನು ರೆಮಿಂಗ್ಟನ್ ಟೈಪ್‌ರೈಟರ್ ಮಾಡುತ್ತಿದ್ದ ಕಂಪನಿ 10,000 ಡಾಲರ್ ಕೊಟ್ಟು ಕೊಂಡಿತು. 50 ಸೆಂಟ್ ನಾಣ್ಯಕ್ಕೆ! ಇಡೀ ಊರು ಆ ಸುದ್ದಿ ಮಾತಾಡಿತು, ಅವರಿಗೆ ಬೇಕಿದ್ದೂ ಅದೇ.

ಆಮೇಲೆ ನೋಡಿ. 1892ರ ಇಸವಿಯಲ್ಲಿ ಸುಮಾರು ಒಂಬತ್ತೂವರೆ ಲಕ್ಷ, 1893ರ ಇಸವಿಯಲ್ಲಿ ಸುಮಾರು 40 ಲಕ್ಷ ಟಂಕಿಸಿದರು. ಅಷ್ಟು ಜನ ಕೊಳ್ಳಲಿಲ್ಲ. ಪ್ರದರ್ಶನಕ್ಕೆ ಎರಡೂ ಮುಕ್ಕಾಲು ಕೋಟಿಯ ಹತ್ತಿರ ಜನ ಬಂದರೂ, 1893ರ ಮೇ ತಿಂಗಳಲ್ಲೇ ಆರ್ಥಿಕ ಕುಸಿತ ಶುರುವಾಗಿ ಬ್ಯಾಂಕುಗಳು ಮುಚ್ಚುತ್ತಿದ್ದವು. ಒಂದು ಡಾಲರ್ ಯಾರು ಬಿಚ್ಚುತ್ತಾರೆ? ಕೊನೆಗೆ ಸುಮಾರು 25 ಲಕ್ಷ ನಾಣ್ಯ ವಾಪಸ್ ಹೋಗಿ ಕರಗಿದವು. ಬಹಳಷ್ಟು ಮುಖಬೆಲೆಗೇ ಚಲಾವಣೆಗೆ ಬಿದ್ದವು. ಜನ ಅದರಲ್ಲಿ ಸಾಮಾನು ಕೊಂಡರು. ಹಳೇಪೆಟ್ಟಿಗೆಯವರ ನಾಣ್ಯದ ಹಾಯಿ ಸವೆದಿರುವುದು ಅದಕ್ಕೇ. ಜೇಬಿನಿಂದ ಜೇಬಿಗೆ ಓಡಾಡಿದ ದುಡ್ಡು ಅದು.

ಹಳೇಪೆಟ್ಟಿಗೆ:
ಇಷ್ಟೊಂದು ವಿಷಯ ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಒಂದು ಅನುಮಾನ. 1893ರಲ್ಲೇ ನಮ್ಮ ದೇಶದಲ್ಲೂ ಬೆಳ್ಳಿ ರೂಪಾಯಿಯ ವಿಷಯದಲ್ಲಿ ಏನೋ ಆಯಿತಲ್ಲ? ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಅಕ್ಕಸಾಲಿ_ಮೊಮ್ಮಗ:
ನಾಣ್ಯಕ್ಕೆ ನೇರ ಸಂಬಂಧ ಇಲ್ಲ, ಬೆಳ್ಳಿಗೆ ಇದೆ. ಅಲ್ಲಿಯ ತನಕ ಯಾರು ಬೇಕಾದರೂ ಬೆಳ್ಳಿ ತೆಗೆದುಕೊಂಡು ಹೋಗಿ ಸರ್ಕಾರಿ ಟಂಕಸಾಲೆಗೆ ಕೊಟ್ಟು, ಸ್ವಲ್ಪ ಶುಲ್ಕ ಕಟ್ಟಿ, ರೂಪಾಯಿ ಮಾಡಿಸಿಕೊಳ್ಳಬಹುದಿತ್ತು. 1893ರ ಜೂನ್ 26ರಂದು ಬ್ರಿಟಿಷ್ ಸರ್ಕಾರ ಆ ಬಾಗಿಲು ಮುಚ್ಚಿತು. ಪ್ರಪಂಚದಲ್ಲೇ ಬೆಳ್ಳಿ ಹೆಚ್ಚು ನುಂಗುತ್ತಿದ್ದ ದೇಶ ನಮ್ಮದು. ಸುದ್ದಿ ಮುಟ್ಟಿದ ಕೂಡಲೇ ಬೆಳ್ಳಿ ಬೆಲೆ ಪಾತಾಳಕ್ಕೆ ಬಿತ್ತು. ಅಮೆರಿಕದಲ್ಲಿ ಗಣಿಗಳು ಮುಚ್ಚಿದವು. ಅಧ್ಯಕ್ಷ ಕ್ಲೀವ್‌ಲ್ಯಾಂಡ್ ವಿಶೇಷ ಅಧಿವೇಶನ ಕರೆದರು. ಆ ವರ್ಷ ನವೆಂಬರ್ 1ಕ್ಕೆ ಷೆರ್ಮನ್ ಕಾಯ್ದೆಯ ಬೆಳ್ಳಿ ಖರೀದಿ ರದ್ದಾಯಿತು. ಷಿಕಾಗೋದ ಪ್ರದರ್ಶನ ಮುಗಿದದ್ದು ಅಕ್ಟೋಬರ್ 30ಕ್ಕೆ. ಅಂದರೆ ಇತ್ತ ಬೆಳ್ಳಿ ಕೊಲಂಬಸ್ ನಾಣ್ಯ ಮಾರಾಟವಾಗುತ್ತಿದ್ದ ತಿಂಗಳುಗಳಲ್ಲೇ ಅತ್ತ ಬೆಳ್ಳಿಯ ಬೆಲೆ ಕುಸಿಯುತ್ತಿತ್ತು.

ನಮ್ಮ ತಾತ ಹೇಳುತ್ತಿದ್ದರು, ಅವರ ಅಪ್ಪನ ಕಾಲದಲ್ಲಿ ರೂಪಾಯಿಯನ್ನೇ ಕರಗಿಸಿ ಕಾಲ್ಗಡಗ ಮಾಡುತ್ತಿದ್ದರಂತೆ, ರೂಪಾಯಿಯ ಬೆಳ್ಳಿಯ ಮೇಲೆ ಜನಕ್ಕೆ ಅಷ್ಟು ನಂಬಿಕೆ. ಹೆಚ್ಚುಕಮ್ಮಿ 11.66 ಗ್ರಾಂ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಈಗ ನಾಣ್ಯ ಕರಗಿಸಿದರೆ 2011ರ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಜೈಲು.

ಗೃಹಲಕ್ಷ್ಮಿ_ಅಲ್ಲ:
ರಾಣಿ ಇಸಾಬೆಲ್ಲಾ ನಾಣ್ಯದ ಬಗ್ಗೆ ಯಾರೂ ಹೇಳಲಿಲ್ಲ! ಅದೇ ಪ್ರದರ್ಶನದ್ದು. ಮಹಿಳಾ ಮಂಡಳಿಯ ಅಧ್ಯಕ್ಷೆ ಬರ್ತಾ ಪಾಮರ್ ಕಾಂಗ್ರೆಸ್ ಸಮಿತಿ ಮುಂದೆ ಹೋಗಿ, ನಮಗೆ ಮಂಜೂರಾದ 10,000 ಡಾಲರನ್ನು ಕಾಲು ಡಾಲರ್ ನಾಣ್ಯಗಳಾಗಿ ಕೊಡಿ ಅಂತ ಕೇಳಿದರು. 1893ರ ಮಾರ್ಚ್ 3ರಂದು ಕಾಯ್ದೆ ಆಯಿತು, 40,000 ನಾಣ್ಯ. ಒಂದು ಕಡೆ ಸ್ಪೇನಿನ ರಾಣಿ ಇಸಾಬೆಲ್ಲಾ, ಇನ್ನೊಂದು ಕಡೆ ಮಂಡಿಯೂರಿ ಕೂತು ಕದಿರು ಹಿಡಿದು ನೂಲುತ್ತಿರುವ ಹೆಂಗಸು. ಅಮೆರಿಕದ ನಾಣ್ಯದಲ್ಲಿ ಪರದೇಶದ ರಾಣಿ ಬಂದದ್ದು ಅದೇ ಮೊದಲು.

ವಿನ್ಯಾಸಕ್ಕೆ ಕ್ಯಾರೊಲಿನ್ ಪೆಡಲ್ ಅನ್ನುವ ಕಲಾವಿದೆಯನ್ನು ಕರೆದಿದ್ದರು. ಟಂಕಸಾಲೆಯವರು ಅದು ಸರಿಯಿಲ್ಲ ಇದು ಸರಿಯಿಲ್ಲ ಅಂತ ಎಳೆದಾಡಿ ಕೊನೆಗೆ ಆಕೆ ಬಿಟ್ಟು ಹೋದರು. ಬಾರ್ಬರ್ ಮಾಡಿದ. ಮಹಿಳೆಯರ ನಾಣ್ಯವನ್ನು ಮಹಿಳೆ ಮಾಡಲಿ ಅಂತ ಕಾಯ್ದೆಯಲ್ಲೇ ಒಂದು ಮಾತು ಹಾಕಿಸಬೇಕಿತ್ತು ಅನ್ನುವುದು ನನ್ನ ಸಿಟ್ಟು.

ನಾಣ್ಯಪ್ರಿಯ_ಹಾಸನ:
ಒಳ್ಳೆಯದಾಯಿತು ನೆನಪಿಸಿದಿರಿ. ಅದನ್ನೂ ಒಂದು ಡಾಲರ್‌ಗೇ ಮಾರಿದರು. ಅದೇ ಬೆಲೆಗೆ ಅರ್ಧ ಡಾಲರ್ ಸಿಗುವಾಗ ಕಾಲು ಡಾಲರ್ ಯಾಕೆ ಅಂತ ಜನ ಹಿಂದೆ ಸರಿದರು. 15,000ಕ್ಕೂ ಹೆಚ್ಚು ವಾಪಸ್ ಹೋಗಿ ಕರಗಿದವು. ಈಗ ಇಸಾಬೆಲ್ಲಾ ಅಪರೂಪ, ಕೊಲಂಬಿಯನ್ ಎಲ್ಲ ಕಡೆ ಸಿಗುತ್ತದೆ.

ಕಾಯ್ದೆಯಲ್ಲಿ ಎಷ್ಟು ನಾಣ್ಯ ಅಂತ ಬರೆದಿದ್ದಾರೆ ಅನ್ನುವುದರ ಮೇಲೆ ಎಲ್ಲ ನಿಂತಿರುತ್ತದೆ. ಕೊಲಂಬಿಯನ್‌ಗೆ 50 ಲಕ್ಷ, ಇಸಾಬೆಲ್ಲಾಗೆ 40 ಸಾವಿರ. ಪಶ್ಚಿಮಕ್ಕೆ ವಲಸೆ ಹೋದವರ ಹಾದಿಯ ನೆನಪಿಗೆ ಬಂದ 1926ರ ಆರೆಗಾನ್ ಟ್ರೇಲ್ ಅರ್ಧ ಡಾಲರ್ ಕಾಯ್ದೆ ನೋಡಿ. 60 ಲಕ್ಷದ ತನಕ ಟಂಕಿಸಬಹುದು ಅಂತ ಬರೆದರು, ಯಾವಾಗ ನಿಲ್ಲಿಸಬೇಕು ಅಂತ ಬರೆಯಲಿಲ್ಲ. 1926ರಲ್ಲಿ ಶುರುವಾದದ್ದು 1939ರವರೆಗೂ ಆಗಾಗ ಬರುತ್ತಲೇ ಇತ್ತು. ಇಸವಿ ಬೇರೆ, ಟಂಕಸಾಲೆಯ ಗುರುತು ಬೇರೆ. ಪೂರ್ತಿ ಸೆಟ್ ಬೇಕೆನ್ನುವ ಸಂಗ್ರಾಹಕ ಪ್ರತಿ ಸಲ ದುಡ್ಡು ಸುರಿಯಬೇಕು.

ಕಾನೂನುಪುಸ್ತಕ:
1936ರ ಹೊತ್ತಿಗೆ ಇದು ವಿಪರೀತಕ್ಕೆ ಹೋಗಿತ್ತು. ಊರೂರಿಗೂ ಒಂದು ನೂರು ವರ್ಷದ ಹಬ್ಬ, ಹಬ್ಬಕ್ಕೊಂದು ಮಸೂದೆ, ಮಸೂದೆಗೊಂದು ಅರ್ಧ ಡಾಲರ್. ಅದಕ್ಕೂ ಮುಂಚೆ 1930ರಲ್ಲೇ ಅಧ್ಯಕ್ಷ ಹೂವರ್ ಒಂದು ಮಸೂದೆಯನ್ನು ವೀಟೋ ಮಾಡಿದ್ದರು, ಅಮೆರಿಕ ಮೆಕ್ಸಿಕೋದಿಂದ ಭೂಮಿ ಕೊಂಡ ಗಾಡ್ಸ್‌ಡನ್ ಖರೀದಿಯ ನೆನಪಿನದ್ದು. ಬಗೆಬಗೆಯ ನಾಣ್ಯ ಚಲಾವಣೆಯಲ್ಲಿದ್ದರೆ ಜನಕ್ಕೆ ಗೊಂದಲ, ಖೋಟಾ ಮಾಡುವವರಿಗೆ ಅನುಕೂಲ ಅನ್ನುವುದು ಅವರ ವಾದ. ನೆನಪಿಗೆ ಪದಕ ಮಾಡಿಸಿಕೊಳ್ಳಿ ಅಂದರು. 1939ರ ಆಗಸ್ಟ್ 5ರಂದು ಕಾಂಗ್ರೆಸ್ ಹಳೆಯ ಅನುಮತಿಗಳನ್ನೆಲ್ಲ ನಿಲ್ಲಿಸಿತು. ಕೊಲಂಬಿಯನ್ ಕಾಯ್ದೆಯೂ ಆಗಸ್ಟ್ 5ರದ್ದೇ. ಕಾಕತಾಳೀಯ, ಆದರೆ ನೆನಪಿಟ್ಟುಕೊಳ್ಳಲು ಸುಲಭ.

ಮೇಷ್ಟ್ರು_ತುಮಕೂರು:
ಹಾಗಾದರೆ ನಿಮ್ಮ ವಾದವೇ ಬಿತ್ತಲ್ಲ? ಸಂಸತ್ತಿನಲ್ಲಿ ಚರ್ಚೆಯಾದರೆ ಒಳ್ಳೆಯದು ಅಂದಿರಿ. ಅಲ್ಲಿ ಚರ್ಚೆಯಾಗಿಯೇ ಊರೂರಿಗೆ ನಾಣ್ಯ ಬಂತು.

ಕಾನೂನುಪುಸ್ತಕ:
ಬೀಳಲಿಲ್ಲ. ತಪ್ಪು ಆಯಿತು, ಎಲ್ಲರಿಗೂ ಕಂಡಿತು, ಕಾಯ್ದೆ ಮೂಲಕವೇ ಸರಿ ಮಾಡಿಕೊಂಡರು. 1954ರ ನಂತರ 1982ರವರೆಗೆ ಹೀಗೆ ಹೆಚ್ಚು ಬೆಲೆಗೆ ಮಾರಿ ಹಣ ಎತ್ತುವ ಒಂದೂ ಸ್ಮರಣಾರ್ಥ ನಾಣ್ಯ ಬರಲಿಲ್ಲ. 1996ರಲ್ಲಿ ಸುಧಾರಣಾ ಕಾಯ್ದೆ ಮಾಡಿದರು. ಈಗ ವರ್ಷಕ್ಕೆ ಎರಡು ವಿಷಯಕ್ಕೆ ಮಾತ್ರ ಅವಕಾಶ. ಸರ್ಕಾರದ ಖರ್ಚು ಪೂರ್ತಿ ವಾಪಸ್ ಬಂದ ಮೇಲೆಯೇ, ನಾಣ್ಯದಿಂದ ನೆರವು ಪಡೆಯುವ ಸಂಸ್ಥೆಗೆ ದುಡ್ಡು. ಆ ಸಂಸ್ಥೆ ಖಾಸಗಿಯಾಗಿ ಅಷ್ಟೇ ಮೊತ್ತ ಸಂಗ್ರಹಿಸಿ ತೋರಿಸಬೇಕು.

ಷಿಕಾಗೋವಾಸಿ:
ಮಸೂದೆ ಮುಂದಕ್ಕೆ ಹೋಗಬೇಕಾದರೆ ಕೆಳಮನೆಯಲ್ಲಿ ಮೂರನೇ ಎರಡು ಭಾಗ, ಅಂದರೆ 290 ಸದಸ್ಯರ ಸಹಿ ಬೇಕು ಅನ್ನುವುದು ಅಲ್ಲಿನ ರೂಢಿ. ಬೇರೆ ಯಾವುದಕ್ಕೂ ಒಂದಾಗದ ಎರಡು ಪಕ್ಷ ನಾಣ್ಯಕ್ಕೆ ಒಂದಾಗಬೇಕು. ಕರಾವಳಿಹುಡುಗಿಯ ಆಕ್ಷೇಪಕ್ಕೂ ಇದರಲ್ಲಿ ಉತ್ತರ ಇದೆ. ಈಗ ಒಂದು ಬೆಳ್ಳಿ ಡಾಲರ್ ಮೇಲೆ 10 ಡಾಲರ್ ಸರ್‌ಚಾರ್ಜ್ ಅಂತ ಕಾಯ್ದೆಯಲ್ಲೇ ಬರೆಯುತ್ತಾರೆ. ಎಷ್ಟು ಹೆಚ್ಚು ಕೊಡುತ್ತಿದ್ದೇನೆ, ಯಾರಿಗೆ ಹೋಗುತ್ತಿದೆ ಅನ್ನುವುದು ಕೊಳ್ಳುವವನಿಗೆ ಗೊತ್ತಿರುತ್ತದೆ.

ಕರಾವಳಿಹುಡುಗಿ:
ಇದು ಒಪ್ಪುತ್ತೇನೆ. 1892ರಲ್ಲೂ ಹೀಗೆ ಬರೆದಿದ್ದರೆ ನಾನು ಜಗಳ ಮಾಡುತ್ತಿರಲಿಲ್ಲ.

ಬೆಳಗಾವಿ_ರಸ್ತೆ:
2006ರಲ್ಲಿ ಬಸವಣ್ಣನವರ ನಾಣ್ಯ ಬಂತಲ್ಲ, 100 ರೂಪಾಯಿದು ಮತ್ತು 5 ರೂಪಾಯಿದು. 5 ರೂಪಾಯಿದು ನಮ್ಮ ಊರಿನ ಅಂಗಡಿಯಲ್ಲೇ ಚಿಲ್ಲರೆಯಾಗಿ ಸಿಕ್ಕಿತು. ಬಸವಣ್ಣನವರು ಇರುವ ನಾಣ್ಯ ಅಂತ ನಮ್ಮ ತಾಯಿ ಖರ್ಚು ಮಾಡದೆ ದೇವರ ಕೋಣೆಯಲ್ಲಿ ಇಟ್ಟಿದ್ದಾರೆ. ಅದಕ್ಕೆ ಸಂಸತ್ತಿನಲ್ಲಿ ಚರ್ಚೆಯಾಗಿದ್ದರೆ ವಚನ ಸಾಹಿತ್ಯದ ಬಗ್ಗೆ ಒಂದು ದಿನ ದೆಹಲಿಯಲ್ಲಿ ಮಾತಾಡುತ್ತಿದ್ದರು. ಈ ವಿಷಯದಲ್ಲಿ ನಾನು ಕಾನೂನುಪುಸ್ತಕದ ಕಡೆ.

ಮೇಷ್ಟ್ರು_ತುಮಕೂರು:
ಅದು ಮಾತ್ರ ನಿಜ. ಅಂಥ ಚರ್ಚೆಯಾದರೆ ನಾನೂ ಕೂತು ಕೇಳುತ್ತೇನೆ.

ಗಡಿಯಾರದಂಗಡಿ:
ನಾನೂ ಒಂದು ಕೊಲಂಬಿಯನ್ ಕೊಂಡಿದ್ದೆ. ಮಾರಿದವನು ಕೈ ಮುಟ್ಟದ ನಾಣ್ಯ ಅಂದಿದ್ದ. ಮನೆಗೆ ತಂದು ಲೆನ್ಸ್ ಹಾಕಿ ನೋಡಿದರೆ ಕೊಲಂಬಸ್ ಕೆನ್ನೆಯ ಮೇಲೆ ಕೂದಲಿನಷ್ಟು ಸಣ್ಣ ಗೆರೆಗಳು, ಎಲ್ಲ ಒಂದೇ ದಿಕ್ಕಿಗೆ. ಪಾಲಿಶ್ ಹಾಕಿ ಉಜ್ಜಿದ್ದಾರೆ. ಬೆಳಕಿಗೆ ಹಿಡಿದು ತಿರುಗಿಸಿದರೆ ಹೊಳಪು ಚಕ್ರದ ಹಾಗೆ ಸುತ್ತಬೇಕು, ಉಜ್ಜಿದ ನಾಣ್ಯದಲ್ಲಿ ಅದು ಸತ್ತಿರುತ್ತದೆ. ಕೊಳ್ಳುವವರು ಇದನ್ನು ನೋಡಿ ಕೊಳ್ಳಿ.

ಬೆಳ್ಳಿಬಟ್ಟಲು:
ನಾನು ಮೊದಲೇ ಹೇಳಿದ್ದು ಅದಕ್ಕೇ. ಬೆಳ್ಳಿಯ ಮೇಲೆ ಕೂತ ಕಂದು, ನೀಲಿ ಬಣ್ಣ ಕೊಳೆಯಲ್ಲ. ಅದನ್ನು ತೆಗೆದರೆ ಬೆಲೆಯೂ ಹೋಗುತ್ತದೆ.

ಹಳೇಪೆಟ್ಟಿಗೆ:
ತೊಳೆಯುವುದಿಲ್ಲ, ಮಾತು ಕೊಟ್ಟೆ. ಈಗ ಪ್ಲಾಸ್ಟಿಕ್ ಕವರ್‌ನಲ್ಲಿ ಇದೆ, ಪರವಾಗಿಲ್ವಾ?

ನಾಣ್ಯಪ್ರಿಯ_ಹಾಸನ:
ಮೆತ್ತಗಿನ ಪಿವಿಸಿ ಕವರ್ ಆದರೆ ಇವತ್ತೇ ತೆಗೆಯಿರಿ. ವರ್ಷ ಕಳೆದ ಹಾಗೆ ಅದು ಜಿಗುಟಾಗಿ ನಾಣ್ಯಕ್ಕೆ ಹಸಿರು ಪಾಚಿಯ ಹಾಗೆ ಅಂಟಿಕೊಳ್ಳುತ್ತದೆ. ಮೈಲಾರ್ ಅನ್ನುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇರುವ ರಟ್ಟಿನ ಹೋಲ್ಡರ್ ಸಿಗುತ್ತದೆ, ಅದಕ್ಕೆ ಹಾಕಿ. ಅಂಚು ಹಿಡಿದೇ ಎತ್ತಿ, ಮುಖದ ಮೇಲೆ ಬೆರಳು ಬೇಡ.

ಗೃಹಲಕ್ಷ್ಮಿ_ಅಲ್ಲ:
1969ರ ಗಾಂಧೀಜಿ 10 ರೂಪಾಯಿ ಬೆಳ್ಳಿ ನಾಣ್ಯಕ್ಕೂ ಇದೇ ಹೋಲ್ಡರ್ ಆಗುತ್ತಾ? ನಮ್ಮ ಅತ್ತೆ ಹತ್ತಿರ ಇದೆ, ಕಪ್ಪಾಗಿದೆ.

ನಾಣ್ಯಪ್ರಿಯ_ಹಾಸನ:
ಆಗುತ್ತದೆ, ಅಳತೆ ನೋಡಿ ತೆಗೆದುಕೊಳ್ಳಿ. 15 ಗ್ರಾಂ ನಾಣ್ಯ, ಶೇಕಡಾ 80 ಬೆಳ್ಳಿ, ಕಪ್ಪಾಗುವುದು ಸಹಜ. ಅದರ ಹಿಂದಿನ ಅಧಿಸೂಚನೆಯ ಬಗ್ಗೆ ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಮಾತಾಡೋಣ.